ಮೆಲ್ಬರ್ನ್ ಲಾಕ್‌ಡೌನಿನಲ್ಲಿ ಕೊಂಡ ಗ್ರೈಂಡರ್, ಇನ್ನೂ ತಿರುಗುತ್ತಿದೆ

ಗ್ರೈಂಡರ್ ತಗೊಳ್ಳಬೇಕಾ, ಮಿಕ್ಸಿಯಲ್ಲೇ ಕಾಲ ಹಾಕಬಹುದಾ ಅಂತ ಆಸ್ಟ್ರೇಲಿಯಾಗೆ ಹೊಸದಾಗಿ ಬಂದವರು ಕೇಳುತ್ತಲೇ ಇರುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡುತ್ತೇನೆ. ನಮ್ಮದು 2 ಲೀಟರಿನ ಟೇಬಲ್ ಟಾಪ್ ಗ್ರೈಂಡರ್. ಕೊಯಮತ್ತೂರಿನದು, ಬಗ್ಗಿಸಿ ಹಿಟ್ಟು ಸುರಿಯುವಂಥದ್ದು. ಕಂಪನಿ ಹೆಸರು ಹೇಳುವುದಿಲ್ಲ, ಯಾಕೆಂದರೆ ಮುಂದೆ ಸ್ವಲ್ಪ ಬೈಯುವುದೂ ಇದೆ. ಕೊಂಡಿದ್ದು 2020ರ ಆಗಸ್ಟಿನಲ್ಲಿ.

ಆಗ ನಾವಿದ್ದದ್ದು ಮೆಲ್ಬರ್ನಿನ ಪಶ್ಚಿಮಕ್ಕಿರುವ ಟಾರ್ನೀಟಿನಲ್ಲಿ. ಇಡ್ಲಿ ಹಿಟ್ಟನ್ನು ಡಬ್ಬಿಯಲ್ಲಿ ಮಾರುವ ಅಂಗಡಿಯೊಂದಿತ್ತು, ಕಾರಿನಲ್ಲಿ ಹತ್ತು ನಿಮಿಷ. ಶನಿವಾರ ಎರಡು ಡಬ್ಬಿ ತಂದರೆ ವಾರ ಕಳೆಯುತ್ತಿತ್ತು. ಆಗಸ್ಟ್ 2ಕ್ಕೆ ಕೊರೊನಾದ ನಾಲ್ಕನೇ ಹಂತದ, ಅಂದರೆ ಎಲ್ಲಕ್ಕಿಂತ ಬಿಗಿಯಾದ ಲಾಕ್‌ಡೌನ್ ಬಂತು ನೋಡಿ. ರಾತ್ರಿ 8ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ. ಸಾಮಾನು ತರೋಕೆ ಮನೆಯಿಂದ ಒಬ್ಬರೇ, ದಿನಕ್ಕೆ ಒಂದೇ ಸಲ, ಅದೂ 5 ಕಿಲೋಮೀಟರಿನೊಳಗೆ. ನಮ್ಮೆಜಮಾನ್ರು ಫೋನಿನ ಮ್ಯಾಪಿನಲ್ಲಿ ಮನೆ ಸುತ್ತ ಗೆರೆ ಎಳೆದು ನೋಡಿದರು. ಹಿಟ್ಟಿನ ಅಂಗಡಿ 6.4 ಕಿಲೋಮೀಟರ್. ಗೆರೆಯ ಆಚೆ! ಸಿಕ್ಕಿಬಿದ್ದರೆ ದಂಡ 1,652 ಡಾಲರ್. ಇಡ್ಲಿ ತಿನ್ನೋಕೆ ಅಷ್ಟು ದುಡ್ಡು ಯಾರು ಕೊಡ್ತಾರೆ?

ಮಿಕ್ಸಿಯಲ್ಲಿ ಎರಡು ವಾರ ಗುದ್ದಾಡಿದೆ. ಉದ್ದಿನಬೇಳೆ ನುಣ್ಣಗಾಗುವ ಹೊತ್ತಿಗೆ ಜಾರ್ ಬೆಚ್ಚಗಾಗಿರುತ್ತಿತ್ತು, ಹಿಟ್ಟಿನಲ್ಲಿ ಗಾಳಿ ಸೇರುತ್ತಲೇ ಇರಲಿಲ್ಲ, ಬೇಯಿಸಿದರೆ ಇಡ್ಲಿ ಚಪ್ಪಟೆ ಬಿಲ್ಲೆ. ನಾಲ್ಕು ವರ್ಷದ ಮಗ ಒಂದನ್ನ ಗೋಡೆಗೆ ಎಸೆದ. ಒಡೆಯಲಿಲ್ಲ.

ಹಾಗೆ ಗ್ರೈಂಡರ್ ಮಾತು ಬಂತು. ನಾವು ಕೆಲಸದ ವೀಸಾದಲ್ಲಿದ್ದೆವು. ಕೆಲಸ ಹೋಗದ ಹಾಗೆ ಸಂಬಳಕ್ಕೆಂದು ಸರ್ಕಾರ ಕೊಡುತ್ತಿದ್ದ ಜಾಬ್‌ಕೀಪರ್ ದುಡ್ಡು ನಮ್ಮಂಥವರಿಗೆ ಇರಲಿಲ್ಲ. ಹಾಗಾಗಿ 329 ಡಾಲರ್ ಕೊಡೋಕೆ ಮೂರು ದಿನ ಯೋಚಿಸಿದೆವು. ಊರಿನಿಂದ ಯಾರ ಕೈಲಾದರೂ ತರಿಸೋಣ ಅಂದರೆ ವಿಮಾನ ಎಲ್ಲಿದೆ, ಮಾರ್ಚಿನಿಂದ ಗಡಿಯೇ ಮುಚ್ಚಿತ್ತು. ಕೊನೆಗೆ ಒಂದು ಆನ್‌ಲೈನ್ ಅಂಗಡಿಯಲ್ಲಿ ತರಿಸಿದೆವು. ಐದು ದಿನ ಅಂದವರು ಹದಿನೇಳು ದಿನ ಮಾಡಿದರು. ಫೋನ್ ಎತ್ತಲಿಲ್ಲ, ಮೇಲ್‌ಗೆ ಉತ್ತರವಿಲ್ಲ. ಬಂದ ಮೇಲೆ ನೋಡಿದರೆ ಹಿಟ್ಟು ಸವರುವ ಪ್ಲಾಸ್ಟಿಕ್ ಪಟ್ಟಿ ಮುರಿದಿತ್ತು. ಅದನ್ನ ಬದಲಾಯಿಸಿ ಕೊಡಲೂ ಇಲ್ಲ. ಒಂದು ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಕತ್ತರಿಸಿ ಕಟ್ಟಿದೆವು. ಇವತ್ತಿಗೂ ಅದೇ ಇದೆ, ನಿಜ ಹೇಳಬೇಕೆಂದರೆ ಕಂಪನಿಯದಕ್ಕಿಂತ ಅದೇ ವಾಸಿ.

ಈಗ ಯಂತ್ರದ ವಿಷಯ. ಮೊದಲನೇದು ಕರೆಂಟು. ಇಲ್ಲೂ 230 ವೋಲ್ಟ್, 50 ಹರ್ಟ್ಸ್, ಊರಿನ ಹಾಗೇ. ಪ್ಲಗ್ಗಿನ ಆಕಾರ ಮಾತ್ರ ಬೇರೆ. ಅಮೆರಿಕದಲ್ಲಿರುವ ನಮ್ಮ ಅಕ್ಕನ ಹಾಗೆ 110 ವೋಲ್ಟಿನ ಮಾಡೆಲ್ಲನ್ನೇ ಹುಡುಕಬೇಕಾಗಿಲ್ಲ. ಮೋಟಾರು 150 ವ್ಯಾಟಿನದು, ಬಿಲ್ಲಿನಲ್ಲಿ ಏನೂ ಗೊತ್ತಾಗಲ್ಲ. ಆದರೆ ಭಾರ! ಕಲ್ಲು ಸೇರಿ ಹದಿಮೂರು ಕೆಜಿ ಹತ್ತಿರ. ಟೇಬಲ್ ಟಾಪ್ ಅಂತ ಹೆಸರೇ ಹೊರತು ಒಂದು ಕಡೆ ಕೂರಿಸಿದರೆ ಅದು ಅಲ್ಲೇ. ನಮ್ಮದು ಲಾಂಡ್ರಿ ಕೋಣೆಯಲ್ಲಿ, ವಾಷಿಂಗ್ ಮಷೀನ್ ಪಕ್ಕ ನೆಲದ ಮೇಲೆ ಕೂತಿದೆ.

ಲಾಂಡ್ರಿಗೆ ಹೋಗಿದ್ದು ಶಬ್ದಕ್ಕೆ ಹೆದರಿ. ಮಿಕ್ಸಿಯಂತೆ ಕಿರುಚುವುದಿಲ್ಲ, ಆದರೆ ಗುರ್ ಅನ್ನುವುದು ಅರ್ಧ ಗಂಟೆ ನಿಲ್ಲುವುದೂ ಇಲ್ಲ. ಮೂರು ಕೋಣೆಯ ಮನೆ. ಒಂದರಲ್ಲಿ ಇವರ ಮೀಟಿಂಗು, ಅಡುಗೆಮನೆ ಟೇಬಲ್ಲಿನಲ್ಲಿ ನನ್ನದು, ಹಾಲಿನಲ್ಲಿ ಪ್ರೆಪ್ (ಇಲ್ಲಿ ಶಾಲೆಯ ಮೊದಲ ವರ್ಷ) ಓದುತ್ತಿದ್ದ ಮಗಳ ವಿಡಿಯೊ ಕ್ಲಾಸು. ಇವರ ಆಫೀಸಿನವರೊಬ್ಬರು "ನಿಮ್ಮನೆ ಮೇಲೆ ಹೆಲಿಕಾಪ್ಟರ್ ಇದೆಯಾ?" ಅಂತ ಕೇಳಿದ್ದರಂತೆ. ಹಾಗಾಗಿ ರುಬ್ಬುವುದಕ್ಕೆ ನನಗೆ ಉಳಿದದ್ದು ಒಂದೇ ಹೊತ್ತು, ಆಗ ನಮ್ಮ ವಿಕ್ಟೋರಿಯಾ ರಾಜ್ಯದ ಪ್ರೀಮಿಯರ್ (ನಮ್ಮ ಕಡೆಯ ಮುಖ್ಯಮಂತ್ರಿ ಇದ್ದ ಹಾಗೆ) ಆಗಿದ್ದ ಡೇನಿಯಲ್ ಆಂಡ್ರೂಸ್ ಟಿವಿಯಲ್ಲಿ ಬರುವ ಹೊತ್ತು. ಆಗ ಎಲ್ಲರೂ ಮೀಟಿಂಗ್ ಬಿಟ್ಟು ಅದನ್ನೇ ನೋಡುತ್ತಿದ್ದರು. ಆಗಸ್ಟ್ 5ಕ್ಕೆ 725 ಹೊಸ ಕೇಸು ಅಂದಿದ್ದರು, ಅದನ್ನ ಮಿಕ್ಸಿ ನಿಲ್ಲಿಸಿ ಕೇಳಿದ್ದೆ. ಗ್ರೈಂಡರ್ ಬಂದ ಮೇಲೆ ಅಂಕಿ ದಿನೇ ದಿನೇ ಇಳಿಯಿತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಸುಮ್ನೆ ಹೇಳಿದೆ.

ಒಂದು ದಿನ ಮಗಳ ಟೀಚರು "ನಿಮ್ಮ ಮನೆಯಲ್ಲಿ ಕೇಳುವ ಒಂದು ಶಬ್ದ ತೋರಿಸಿ" ಅಂದರು. ಒಬ್ಬ ನಾಯಿ ತಂದ, ಒಬ್ಬಳು ಗಡಿಯಾರ. ನಮ್ಮವಳು ಟ್ಯಾಬ್ ಎತ್ತಿಕೊಂಡು ಸೀದಾ ಲಾಂಡ್ರಿಗೆ ಬಂದಳು. ನಾನು ನೈಟಿಯಲ್ಲಿ, ಮೊಣಕೈವರೆಗೆ ಉದ್ದಿನ ಹಿಟ್ಟು. ಇಪ್ಪತ್ತು ಮಕ್ಕಳು ಉಸಿರು ಬಿಗಿಹಿಡಿದು ಕಲ್ಲು ತಿರುಗುವುದನ್ನೇ ನೋಡುತ್ತಿದ್ದರು. ಇವಳು ಇಂಗ್ಲಿಷಿನಲ್ಲಿ ವಿವರಿಸಿದಳು, ಇದರಲ್ಲಿ ಮೋಡ ಮಾಡ್ತಾರೆ ಅಂತ.

ಮೋಡ ಅಂದಿದ್ದು ತಪ್ಪೇನಲ್ಲ. ಇದರ ಹಿಟ್ಟಿಗೆ ನನ್ನ ಪೂರ್ತಿ ಅಂಕ. ತಣ್ಣೀರು ಸ್ವಲ್ಪ ಸ್ವಲ್ಪ ಚಿಮುಕಿಸುತ್ತಾ ಉದ್ದಿನಬೇಳೆಯನ್ನ ಇಪ್ಪತ್ತೈದು ನಿಮಿಷ ಬಿಟ್ಟರೆ ಪಾತ್ರೆ ತುಂಬ ಉಕ್ಕುತ್ತದೆ, ಒಂದು ಚಿಟಿಕೆ ನೀರಿಗೆ ಹಾಕಿದರೆ ತೇಲುತ್ತದೆ. ಕಾಲು ಭಾಗ ಬೇಳೆ ಕಮ್ಮಿ ಹಾಕಿದರೂ ಸಾಕು. ಹುಳಿ ಬರಿಸುವುದೇ ಇಲ್ಲಿ ಕಷ್ಟ, ಮೆಲ್ಬರ್ನಿಗೆ ಆಗಸ್ಟ್ ಅಂದರೆ ಚಳಿಗಾಲ. ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ರಾತ್ರಿ ಪೂರ್ತಿ ಇಡಿ, ಬೆಳಿಗ್ಗೆಗೆ ಉಬ್ಬಿರುತ್ತದೆ. ಕೆಳಗೊಂದು ತಟ್ಟೆ ಇಡೋದು ಮರೀಬೇಡಿ. ನಾನು ಮರೆತಿದ್ದೆ.

ಬೈಯಬೇಕಾದ್ದು ಇನ್ನೂ ಮೂರಿದೆ. ಅಕ್ಕಿ ಜಾಸ್ತಿ ಹಾಕಿದರೆ ಬೆಲ್ಟ್ ಜಾರುತ್ತದೆ, ರಬ್ಬರ್ ಸುಟ್ಟ ವಾಸನೆ ಬರುತ್ತದೆ. 2 ಲೀಟರ್ ಅಂತ ಬರೆದಿದ್ದಾರೆ, ಒಂದೂವರೆಗೆ ನಿಲ್ಲಿಸಿ. ಜೊತೆಗೆ ಕೊಟ್ಟ ತೆಂಗಿನಕಾಯಿ ತುರಿಯುವ ಸಾಧನ ಬರೀ ಶೋಕಿಗೆ, ಎರಡನೇ ಸಲಕ್ಕೇ ಪೆಟ್ಟಿಗೆ ಸೇರಿತು. ತೊಳೆಯುವುದೂ ಸುಲಭವಲ್ಲ. ಕಲ್ಲುಗಳನ್ನ ಎತ್ತಿ, ಮಧ್ಯದ ಗೂಟದ ಬುಡಕ್ಕೆ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜಬೇಕು.

ಯಾರಿಗೆ ಬೇಡ? ತಿಂಗಳಿಗೊಮ್ಮೆ ಇಡ್ಲಿ ತಿನ್ನುವವರಿಗೆ, ವರ್ಷಕ್ಕೊಂದು ಬಾಡಿಗೆ ಮನೆ ಬದಲಾಯಿಸುವವರಿಗೆ. ಹಿಟ್ಟಿನ ಅಂಗಡಿ ಹತ್ತಿರವಿದ್ದರೆ ಅಲ್ಲೇ ತಗೊಳ್ಳಿ, ಪಾಪ ಅವರೂ ಬದುಕಬೇಕಲ್ವಾ. ವಾರಕ್ಕೆರಡು ಸಲ ದೋಸೆ ಕೇಳುವ ಮಕ್ಕಳಿದ್ದರೆ ಕಣ್ಣುಮುಚ್ಚಿ ಕೊಳ್ಳಿ.

ಐದಕ್ಕೆ ನಾಲ್ಕು. ಮಾರಿದವರಿಗೆ ಒಂದು.

ಆ ಗ್ರೈಂಡರಿನ ಮೊದಲ ಹಿಟ್ಟನ್ನ ಹಾಸನದಲ್ಲಿದ್ದ ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದ್ದೆ. ಒರಳಿನಲ್ಲಿ ರುಬ್ಬಿ ಬೆಳೆದವರು, ಹದ ನೋಡಿ ಖುಷಿಪಟ್ಟಿದ್ದರು. 2022ರ ಫೆಬ್ರವರಿಯಲ್ಲಿ ಪ್ರವಾಸಿಗಳಿಗೆ ಗಡಿ ತೆರೆದ ಮೇಲೆ, ಏಪ್ರಿಲ್‌ನಲ್ಲಿ ಇಲ್ಲಿಗೇ ಬಂದರು. ಎರಡೂವರೆ ವರ್ಷದ ಮೇಲೆ ಮೊಮ್ಮಕ್ಕಳನ್ನ ನೋಡಿ ಅತ್ತರು, ಕಾಫಿ ಕುಡಿದರು, ಆಮೇಲೆ "ಎಲ್ಲೇ ಆ ಗ್ರೈಂಡರು?" ಅಂತ ಲಾಂಡ್ರಿಗೆ ನಡೆದರು. ಕಲ್ಲು ಎತ್ತಿಸಿ ಗೂಟದ ಬುಡಕ್ಕೆ ಬೆರಳು ಹಾಕಿ ಒಣಗಿದ ಹಿಟ್ಟಿನ ಚೂರೊಂದನ್ನ ಉಗುರಿನಲ್ಲಿ ಕಿತ್ತು ನನ್ನ ಮುಖಕ್ಕೆ ಹಿಡಿದರು.

"ಫೋನಲ್ಲಿ ಇದೊಂದು ಕಾಣಿಸ್ಲಿಲ್ಲ ಕಣೇ."