ಬಿಲ್ಡರ್ ಸಂಸ್ಥೆ, ಮಧ್ಯವರ್ತಿ ಸಂಸ್ಥೆ: ಎರಡು ಸಂದರ್ಶನಗಳ ಹೋಲಿಕೆ

ಮಾರಾಟ ವಿಭಾಗದ ಕೆಲಸಕ್ಕಾಗಿ ಒಂದೇ ತಿಂಗಳಲ್ಲಿ ನಾನು ಎರಡು ರಿಯಲ್ ಎಸ್ಟೇಟ್ ಸಂಸ್ಥೆಗಳ ಸಂದರ್ಶನಕ್ಕೆ ಹಾಜರಾದೆ. ಒಂದು, ತಾನೇ ಫ್ಲ್ಯಾಟುಗಳನ್ನು ಕಟ್ಟಿ ಮಾರುವ ಬಿಲ್ಡರ್ ಸಂಸ್ಥೆ; ಇನ್ನೊಂದು, ಹಲವು ಬಿಲ್ಡರ್‌ಗಳ ಮನೆಗಳನ್ನು ಕಮಿಷನ್ ಪಡೆದು ಮಾರಿಸಿಕೊಡುವ ಮಧ್ಯವರ್ತಿ ಸಂಸ್ಥೆ. ಹುದ್ದೆಯ ಹೆಸರು ಎರಡೂ ಕಡೆ ಒಂದೇ ಆಗಿದ್ದರೂ ಕೇಳಿದ ಪ್ರಶ್ನೆಗಳಿಗೆ ಪರಸ್ಪರ ಹೋಲಿಕೆಯೇ ಇರಲಿಲ್ಲ.

ಮಧ್ಯವರ್ತಿ ಸಂಸ್ಥೆಯ ಸಂದರ್ಶನ 20 ನಿಮಿಷಗಳಲ್ಲಿ ಮುಗಿಯಿತು. ಪರಿಚಿತರಲ್ಲಿ ಮನೆ ಕೊಳ್ಳುವ ಶಕ್ತಿ ಉಳ್ಳವರು ಎಷ್ಟು ಮಂದಿ, ಸ್ವಂತ ವಾಹನವಿದೆಯೇ, ರಜಾದಿನಗಳಲ್ಲಿ ಸೈಟ್ ವಿಸಿಟ್‌ಗೆ ಬರುತ್ತೀರಾ ಎಂದು ಕೇಳಿದ ಬಳಿಕ, ದೂರವಾಣಿ ಸಂಖ್ಯೆಗಳ ಪಟ್ಟಿಯೊಂದನ್ನು ಕೈಗಿತ್ತು ಅಲ್ಲೇ ಕರೆ ಮಾಡಲು ಹೇಳಿದರು. ನಾಲ್ಕನೆಯ ಕರೆಯಲ್ಲಿ ಮಹಿಳೆಯೊಬ್ಬರು, ‘ನನ್ನ ನಂಬರ್ ನಿಮಗೆ ಕೊಟ್ಟವರು ಯಾರು?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎದುರಿಗೆ ಕುಳಿತಿದ್ದವರೂ ಉತ್ತರ ಸೂಚಿಸಲಿಲ್ಲ. ನಿರಾಕರಣೆಯನ್ನು ಸಹಿಸುವ ಗುಣ ಈ ವೃತ್ತಿಗೆ ಅಗತ್ಯವೆಂಬುದನ್ನು ಒಪ್ಪುತ್ತೇನೆ. ಆದರೆ ಮಾರಬೇಕಾದ ಮನೆಯ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳದಿದ್ದುದು ನನ್ನನ್ನು ಕಾಡಿತು.

ಬಿಲ್ಡರ್ ಸಂಸ್ಥೆಯಲ್ಲಿ ಮೂರು ಸುತ್ತುಗಳಿದ್ದವು. ಮೊದಲನೆಯದು ಸಾಮಾನ್ಯ ಪರಿಚಯ. ಎರಡನೆಯದರಲ್ಲಿ ಲೆಕ್ಕ ಕೊಟ್ಟರು: ಸೂಪರ್ ಬಿಲ್ಟ್‌ಅಪ್ (ಗೋಡೆ, ಮೆಟ್ಟಿಲು, ಲಿಫ್ಟ್‌ನಂಥ ಸಾಮಾನ್ಯ ಜಾಗದ ಪಾಲೂ ಸೇರಿದ ಒಟ್ಟು ವಿಸ್ತೀರ್ಣ) 1,300 ಚದರಡಿ, ಕಾರ್ಪೆಟ್ ಏರಿಯಾದ (ಮನೆಯೊಳಗೆ ಬಳಕೆಗೆ ಸಿಗುವ ಜಾಗದ) ಮೇಲೆ ಲೋಡಿಂಗ್, ಅಂದರೆ ಹೀಗೆ ಸೇರಿಸುವ ಹೆಚ್ಚುವರಿ ಪಾಲು, ಶೇ 30, ಹಾಗಾದರೆ ಕಾರ್ಪೆಟ್ ಏರಿಯಾ ಎಷ್ಟು? ನಾನು 1,300ರಲ್ಲಿ ಶೇ 30 ಕಳೆದು 910 ಎಂದೆ. ಲೋಡಿಂಗ್ ಸೇರುವುದು ಗೋಡೆಗಳ ಒಳಗೆ ಬಳಕೆಗೆ ಸಿಗುವ ಜಾಗದ ಮೇಲೆ, ಆದ್ದರಿಂದ 1,300ನ್ನು 1.3ರಿಂದ ಭಾಗಿಸಬೇಕು, ಉತ್ತರ 1,000 ಎಂದು ಅವರು ಕಾಗದದ ಮೇಲೆ ಬರೆದು ತೋರಿಸಿದರು. ತಪ್ಪು ಉತ್ತರ ಕೊಟ್ಟವನಿಗೆ ವಿವರಣೆ ಕೊಡುವಷ್ಟು ತಾಳ್ಮೆ ತೋರಿದ ಸಂದರ್ಶಕರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೂರನೆಯ ಸುತ್ತು ಮಾದರಿ ಫ್ಲ್ಯಾಟಿನಲ್ಲಿ ನಡೆಯಿತು. ಮಾರಾಟ ವಿಭಾಗದ ಮುಖ್ಯಸ್ಥರೇ ಗ್ರಾಹಕರಾಗಿ ನಿಂತು, ಮನೆ ಹಸ್ತಾಂತರ ಆರು ತಿಂಗಳು ತಡವಾಗಿದೆ, ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಕಟ್ಟುತ್ತಿದ್ದೇನೆ, ಏನು ಹೇಳುತ್ತೀರಿ ಎಂದರು. ಎರಡು ತಿಂಗಳಲ್ಲಿ ಕೊಡಿಸುತ್ತೇನೆ ಎಂದು ನಾನು ಸಮಾಧಾನಪಡಿಸಲು ಹೊರಟಾಗ ಅವರು ತಡೆದು, ಎಂಜಿನಿಯರ್ ಬರಹದಲ್ಲಿ ಕೊಡದ ದಿನಾಂಕವನ್ನು ಮಾರಾಟಗಾರ ಬಾಯಲ್ಲಿ ಕೊಡಬಾರದು ಎಂದು ತಿದ್ದಿದರು.

ಸಂಬಳದ ವಿಷಯದಲ್ಲಿ ಮಧ್ಯವರ್ತಿ ಸಂಸ್ಥೆ ಮೊದಲ ಮೂರು ತಿಂಗಳು ಕಮಿಷನ್ ಮಾತ್ರ ಎಂದಿತು. ಅದೂ ಬಿಲ್ಡರ್‌ನಿಂದ ಹಣ ಬಂದ ಮೇಲೆಯೇ ಎಂಬುದು ನಾನಾಗಿ ಕೇಳಿದಾಗ ತಿಳಿಯಿತು. ಬಿಲ್ಡರ್ ಸಂಸ್ಥೆಯಲ್ಲಿ ನಿಗದಿತ ಸಂಬಳವಿತ್ತು, ಇನ್ಸೆಂಟಿವ್ ಕಡಿಮೆ.

ಆದರೂ ಮಧ್ಯವರ್ತಿ ಸಂಸ್ಥೆಗೆ ಒಂದು ಹಿರಿಮೆ ಇದೆ. ಈ ಮನೆ ನಿಮಗೆ ಹೊಂದುವುದಿಲ್ಲ, ಬೇರೊಂದನ್ನು ನೋಡಿ ಎಂದು ಗ್ರಾಹಕರಿಗೆ ಹೇಳುವ ಅವಕಾಶ ಅಲ್ಲಿರುತ್ತದೆ. ಒಂದೇ ಬಿಲ್ಡರ್‌ನ ಮನೆಗಳನ್ನು ಮಾರುವವನಿಗೆ ಅದಿಲ್ಲ. ಆರು ತಿಂಗಳ ಖರ್ಚಿಗೆ ಉಳಿತಾಯವೂ ವಿಶಾಲ ಪರಿಚಯವೂ ಉಳ್ಳ ಅನುಭವಿಗೆ ಅದೇ ಮೇಲಾಗಬಹುದು. ನನ್ನಲ್ಲಿ ಎರಡೂ ಇರಲಿಲ್ಲ. ಇನ್ಸೆಂಟಿವ್ ನಿಯಮಗಳನ್ನು ಬರಹದಲ್ಲಿ ಕೊಡುವಂತೆ ಎರಡೂ ಕಡೆ ಕೋರಿದೆ. ನೇಮಕಾತಿ ಪತ್ರದಲ್ಲಿ ಅವುಗಳನ್ನು ಸೇರಿಸಿ ಕಳುಹಿಸಿದ್ದು ಬಿಲ್ಡರ್ ಸಂಸ್ಥೆ ಮಾತ್ರ. ಅಲ್ಲಿಯೇ ಸೇರಿದೆ.