ಆಫೀಸ್ ನೆಟ್ ಹೋದಾಗ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ

ಹೋದ ತಿಂಗಳು 20ನೇ ತಾರೀಖು, ಬೆಳಿಗ್ಗೆ ಹತ್ತೂವರೆಯೊಳಗೆ, ನನ್ನ ಸಂಬಳದ ಖಾತೆಯಿಂದ 48,499 ರೂಪಾಯಿ ಹೋಯಿತು. ಓಟಿಪಿ ನಾನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಬರಲಿಲ್ಲ.

ನಾನು ದಾವಣಗೆರೆಯಲ್ಲಿ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್, ಬೀರುವಿನ ಮೇಲೆ ಧೂಳು ಹಿಡಿದ ಒಂದು ಸ್ವಿಚ್ (ಎಲ್ಲಾ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ), ಇಷ್ಟೇ ನಮ್ಮ ನೆಟ್‌ವರ್ಕ್. ರೈಸ್ ಮಿಲ್, ಬಟ್ಟೆ ಅಂಗಡಿ, ಟ್ರಾನ್ಸ್‌ಪೋರ್ಟ್‌ನವರು ಸೇರಿ ಅರವತ್ತಕ್ಕೂ ಹೆಚ್ಚು ಪಾರ್ಟಿಗಳು. ಅವರಿಗೆಲ್ಲ ದಿನಾ "ಓಟಿಪಿ ಯಾರಿಗೂ ಹೇಳಬೇಡ್ರಿ" ಎಂದು ಬುದ್ಧಿ ಹೇಳುವವನೂ ನಾನೇ.

ಜಿಎಸ್‌ಟಿ ಕೆಲಸ ಮಾಡುವವರಿಗೆ 20ನೇ ತಾರೀಖು ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಪ್ರತಿ ತಿಂಗಳು 3ಬಿ ಎಂಬ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಅದೇ ಕೊನೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯವಹಾರವೇ ಇಲ್ಲದವರಿಗೆ 20, ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ ಬೇರೆ. ಏಳು ಪಾರ್ಟಿಗಳದ್ದು ಬಾಕಿ ಇತ್ತು. ಸಾರ್ ಮದುವೆಗೆಂದು ಹರಿಹರಕ್ಕೆ ಹೋಗಿದ್ದರು, ಇನ್ನಿಬ್ಬರು ಇನ್ನೂ ಬಂದಿರಲಿಲ್ಲ. ಒಂಬತ್ತೂಕಾಲಿಗೆ ಬೀಗ ತೆಗೆದು ಕಂಪ್ಯೂಟರ್ ಆನ್ ಮಾಡಿದರೆ ಮೂಲೆಯಲ್ಲಿ ಭೂಗೋಳದ ಚಿತ್ರ, ಪಕ್ಕದಲ್ಲಿ 'ನೋ ಇಂಟರ್ನೆಟ್'.

ಎಲ್ಲರೂ ಮಾಡುವುದನ್ನೇ ಮಾಡಿದೆ. ಕೇಬಲ್ ಕಿತ್ತು ಹಾಕಿದೆ, ರೀಸ್ಟಾರ್ಟ್ ಮಾಡಿದೆ, ರೂಟರ್ ಆಫ್ ಮಾಡಿ ಆನ್ ಮಾಡಿದೆ. ಕೇಬಲ್ ಚುಚ್ಚುವ ಜಾಗದಲ್ಲಿ ಹಸಿರು ದೀಪ ಮಿಣುಕುತ್ತಿತ್ತು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆರೆಯಲು ಹೋದೆ, ಅದೂ ಡೇಟಾ ಸಿಗುತ್ತಿಲ್ಲ ಎಂದಿತು. ನಮ್ಮ ಟ್ಯಾಲಿ ಡೇಟಾ ಇರುವುದು ಆಫೀಸಿನಲ್ಲೇ, ಸಾರ್ ಕಂಪ್ಯೂಟರಿನಲ್ಲಿ. ಆರು ಅಡಿ ದೂರದ ಕಂಪ್ಯೂಟರೇ ಸಿಗುತ್ತಿಲ್ಲ ಅಂದರೆ ರೋಗ ಕಂಪನಿಯ ಲೈನಿನಲ್ಲಿಲ್ಲ, ನಮ್ಮ ಆಫೀಸಿನೊಳಗೇ ಇದೆ ಎಂದು ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪಕ್ಕದ ಟೇಬಲ್ಲಿನ ಕಂಪ್ಯೂಟರ್ ಬ್ಯಾಕಪ್‌ಗೆಂದು ರಾತ್ರಿಯಿಡೀ ಓಡುತ್ತಲೇ ಇತ್ತು, ಮಾನಿಟರ್ ಮಾತ್ರ ಆಫ್ ಆಗಿತ್ತು. ಅದರ ಬಟನ್ ಒತ್ತಿದ್ದರೂ ಸಾಕಿತ್ತು, ಅದರಲ್ಲಿ ನೆಟ್ ಚೆನ್ನಾಗೇ ಬರುತ್ತಿತ್ತಂತೆ.

ನಾನು ಫೋನ್ ತೆಗೆದು ನಮ್ಮ ನೆಟ್ ಕಂಪನಿಯ ಹೆಸರು ಹಾಕಿ, ಮುಂದೆ 'ಕಸ್ಟಮರ್ ಕೇರ್ ನಂಬರ್ ದಾವಣಗೆರೆ' ಎಂದು ಹುಡುಕಿದೆ. ನಿಜವಾದ ನಂಬರ್ ಬಿಲ್ಲಿನ ಮೇಲೇ ಇತ್ತು, ಬಿಲ್ಲು ಬೀರುವಿನ ಫೈಲಿನಲ್ಲಿತ್ತು. ಎದ್ದು ಫೈಲ್ ತೆಗೆಯಲು ಸೋಮಾರಿತನ. ಮೊದಲು ಬಂದದ್ದು ಹತ್ತಂಕಿಯ ಒಂದು ಮೊಬೈಲ್ ನಂಬರ್, ಒತ್ತಿದೆ. ಒಂದೇ ರಿಂಗಿಗೆ ಎತ್ತಿದ. ಯಾವ ಕಸ್ಟಮರ್ ಕೇರ್ ಒಂದೇ ರಿಂಗಿಗೆ ಎತ್ತುತ್ತದೆ ಹೇಳಿ?

ಹಿಂದಿಯಲ್ಲಿ ಶುರು ಮಾಡಿ ನನ್ನ ಮಾತು ಕೇಳಿದ ಮೇಲೆ ಕನ್ನಡಕ್ಕೆ ಬಂದ. "ಟೆನ್ಷನ್ ತಗೋಬೇಡಿ ಸರ್, ಲೈನ್ ಸರಿ ಇದೆ, ಪ್ರಾಬ್ಲಮ್ ನಿಮ್ಮ ಕಂಪ್ಯೂಟರ್ ಕಡೆ ಇದೆ" ಎಂದ. ಅವನು ಆಡಿದ್ದರಲ್ಲಿ ನಿಜವಾಗಿದ್ದ ಮಾತು ಇದೊಂದೇ, ಅದೂ ಕತ್ತಲಲ್ಲಿ ಎಸೆದ ಕಲ್ಲು. ಲ್ಯಾನ್ ಕೇಬಲ್ ತೆಗೆಸಿದ, ಫೋನನ್ನು ಚಾರ್ಜರ್ ವೈರಿನಲ್ಲಿ ಕಂಪ್ಯೂಟರಿಗೆ ಹಾಕಿಸಿ ಫೋನಿನ ನೆಟ್ ಕಂಪ್ಯೂಟರಿಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿಸಿದ. ನೆಟ್ ಬಂತು. ಫೋನಿನ ನೆಟ್ಟಿನಲ್ಲೇ ಏಳೂ ರಿಟರ್ನ್ ಹಾಕಿ ಮುಗಿಸಬಹುದಿತ್ತಲ್ಲ ಎಂಬ ಯೋಚನೆ ನನಗೆ ಬಂದದ್ದು ಅವತ್ತು ರಾತ್ರಿ, ಊಟ ಸೇರದೆ ಮಲಗಿದಾಗ.

ಆಮೇಲೆ ದೂರದಿಂದ ಸ್ಕ್ರೀನ್ ನೋಡುವ ಒಂದು ಆ್ಯಪ್ ಹಾಕಿಸಿ, ಅದರಲ್ಲಿ ಕಾಣುವ ನಂಬರ್ ಕೇಳಿದ. ನಮ್ಮ ಟ್ಯಾಲಿಯವರು ಸರ್ವಿಸ್ ಮಾಡುವುದೂ ಅದೇ ಆ್ಯಪಿನಲ್ಲಿ, ಹಾಗಾಗಿ ಅನುಮಾನವೇ ಬರಲಿಲ್ಲ. ಮೌಸ್ ತಾನಾಗಿ ಓಡಾಡತೊಡಗಿತು. ಕಂಪ್ಯೂಟರಿನಲ್ಲಿ ನಡೆದದ್ದೆಲ್ಲ ದಾಖಲಾಗುವ ಈವೆಂಟ್ ವ್ಯೂವರ್ ತೆರೆದು ಸಾಲು ಸಾಲು ಕೆಂಪು ಗುರುತು ತೋರಿಸಿ "ನೋಡಿ ಸರ್, ಎಷ್ಟು ಎರರ್" ಎಂದ. ಬೇಕಾದರೆ ನಿಮ್ಮ ಕಂಪ್ಯೂಟರಿನಲ್ಲೂ ಈಗಲೇ ತೆರೆದು ನೋಡಿ. ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಕೆಂಪು, ಹಳದಿ ಗುರುತು ಇದ್ದೇ ಇರುತ್ತವೆ. ಆಮೇಲೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ ನೆಟ್‌ಸ್ಟಾಟ್ ಎಂದು ಹೊಡೆದ, ಕಂಪ್ಯೂಟರಿನ ಸಂಪರ್ಕಗಳ ಪಟ್ಟಿ ತೋರಿಸುವ ಆಜ್ಞೆ ಅದು. ಬಂದ ಪಟ್ಟಿಯಲ್ಲಿ 'ಫಾರಿನ್ ಅಡ್ರೆಸ್' ಎಂಬ ಕಾಲಮ್ಮಿನ ಮೇಲೆ ಮೌಸ್ ಆಡಿಸುತ್ತಾ "ಫಾರಿನ್‌ನಿಂದ ಇಷ್ಟು ಜನ ನಿಮ್ಮ ಕಂಪ್ಯೂಟರ್ ಒಳಗೆ ಕೂತಿದ್ದಾರೆ" ಎಂದ. ನನ್ನ ಎದೆ ಧಸಕ್ಕೆಂದಿತು. ಅಲ್ಲಿ ಫಾರಿನ್ ಅಂದರೆ ವಿದೇಶವಲ್ಲ, ಸಂಪರ್ಕದ ಆ ಕಡೆಯ ತುದಿ ಅಷ್ಟೇ. ನೀವು ಯಾವ ವೆಬ್‌ಸೈಟ್ ತೆರೆದರೂ ಅದರ ವಿಳಾಸ ಅಲ್ಲೇ ಕಾಣುತ್ತದೆ, ಬೆಂಗಳೂರಿನದ್ದಾದರೂ ಸರಿ.

ಹೆದರಿದವನನ್ನು ನಡೆಸುವುದು ಸುಲಭ. "ಕಂಪ್ಯೂಟರಿಗೆ ನೆಟ್ ಬರ್ತಿರೋದು ಫೋನಿಂದ ಅಲ್ವಾ ಸರ್, ಅದನ್ನೂ ಚೆಕ್ ಮಾಡಬೇಕು" ಎಂದು ಫೋನಿಗೂ ಅದೇ ಆ್ಯಪ್ ಹಾಕಿಸಿದ. ಕಂಪ್ಲೇಂಟ್ ನೋಂದಣಿಗೆ 10 ರೂಪಾಯಿ ಎಂದು ಒಂದು ಪುಟ ತೆರೆದು ಕಾರ್ಡ್ ವಿವರ ತುಂಬಲು ಹೇಳಿದ. ಹತ್ತು ರೂಪಾಯಿ ತಾನೇ! ತುಂಬಿದ ಮೇಲೆ ಮಾನಿಟರ್ ಕಪ್ಪಾಯಿತು. "ಸ್ಕ್ಯಾನ್ ಆಗ್ತಿದೆ, ಏನೂ ಮುಟ್ಟಬೇಡಿ" ಎಂದ. ಓಟಿಪಿಯ ಮೆಸೇಜ್ ಫೋನಿನ ಪರದೆಯ ಮೇಲೆ ಬಂದಾಗ, ನಾನು ಓದುವಷ್ಟರಲ್ಲಿ ಅವನೂ ಓದಿದ್ದ. 24,999 ಹೋಯಿತು. ನಾನು ಕೂಗಿದೆ. "ಸರ್ವರ್ ಟೆಸ್ಟ್ ಸರ್, ಐದು ನಿಮಿಷದಲ್ಲಿ ವಾಪಸ್ ಬರುತ್ತೆ" ಎಂದ, ದನಿಯಲ್ಲಿ ಒಂದಿಷ್ಟೂ ಏರುಪೇರಿಲ್ಲ. ಅಷ್ಟರಲ್ಲಿ ಇನ್ನೊಂದು 23,500.

ವೈರ್ ಕಿತ್ತು, ಫೋನ್ ಆಫ್ ಮಾಡಿ, ಕೆಳಗಿನ ಝೆರಾಕ್ಸ್ ಅಂಗಡಿಗೆ ಓಡಿದೆ. ಅವರ ಫೋನಿನಿಂದ, ಈ ಸಲ ಎಲ್ಲೂ ಹುಡುಕದೆ, ಕಾರ್ಡಿನ ಹಿಂದೆ ಅಚ್ಚಾಗಿರುವ ಬ್ಯಾಂಕಿನ ನಂಬರಿಗೆ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ. ಆಮೇಲೆ 1930. ಸೈಬರ್ ವಂಚನೆಗೆ ದೇಶಕ್ಕೆಲ್ಲ ಇರುವ ಸಹಾಯವಾಣಿ ಅದು. ಹಣ ಹೋದ ಸಮಯ, ಮೊತ್ತ, ಟ್ರಾನ್ಸಾಕ್ಷನ್ ನಂಬರ್ ಕೇಳುತ್ತಾರೆ, ಬ್ಯಾಂಕಿನ ಮೆಸೇಜ್ ಅಳಿಸದೆ ಇಟ್ಟುಕೊಂಡಿರಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ, ಜಿಗಿಯುವ ಮೊದಲು ಹಿಡಿಯಬೇಕು. ನನ್ನದರಲ್ಲಿ 23,500 ಮಧ್ಯದಲ್ಲಿ ನಿಂತಿತು, ಇನ್ನೂ ಕೈಗೆ ಬಂದಿಲ್ಲ. 24,999ರ ಆಸೆ ಬಿಟ್ಟಿದ್ದೇನೆ. ಮಧ್ಯಾಹ್ನ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆ. ಬ್ಯಾಂಕಿನವರು ಆರ್‌ಬಿಐನ 2017ರ ಸುತ್ತೋಲೆ ತೋರಿಸಿದರು: ಗ್ರಾಹಕನ ಅಜಾಗರೂಕತೆಯಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದ್ದೇ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದ್ದು. ಅದಕ್ಕೇ ಹೇಳುವುದು, ಅಳುವುದು ಆಮೇಲೆ, ಮೊದಲು ಫೋನ್.

ಇಷ್ಟಾದರೂ ನೆಟ್ ಬಂದಿರಲಿಲ್ಲ.

ನಮಗೆ ಕೇಬಲ್ ಎಳೆದುಕೊಟ್ಟಿದ್ದ ಹುಡುಗ ಮೂರು ಗಂಟೆಗೆ ಬಂದ. ಕೂರಲೂ ಇಲ್ಲ, ನಿಂತೇ ಅದೇ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಎಂದು ಹೊಡೆದ, ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ತೋರಿಸುವ ಆಜ್ಞೆ ಅದು. ನನ್ನ ಕಂಪ್ಯೂಟರಿನಲ್ಲಿ ಡಿಫಾಲ್ಟ್ ಗೇಟ್‌ವೇ (ಇಂಟರ್ನೆಟ್ಟಿಗೆ ದಾರಿ ತೋರುವ ರೂಟರಿನ ವಿಳಾಸ) 192.168.0.1, ಪಕ್ಕದ್ದರಲ್ಲಿ 192.168.1.1. ಎರಡನ್ನೂ ಒಮ್ಮೆ ನೋಡಿ ನನ್ನ ಕಡೆ ತಿರುಗಿದ.

"ಅಣ್ಣ, ಹೊಸದಾಗಿ ಏನು ಸಿಕ್ಕಿಸಿದ್ರಿ?"

ಏನೂ ಇಲ್ಲವೆಂದು ಬಾಯಿ ತೆರೆದೆ. ಆಗ ನೆನಪಾಯಿತು. ಹಿಂದಿನ ಸಂಜೆ, ನನ್ನ ಮೂಲೆಗೆ ವೈಫೈ ಬರುವುದಿಲ್ಲವೆಂದು, ಮನೆಯಲ್ಲಿ ಬಿದ್ದಿದ್ದ ಹಳೇ ರೂಟರ್ ತಂದು ಸ್ವಿಚ್ಚಿಗೆ ಚುಚ್ಚಿದವನು ನಾನೇ. ಫೋನಿಗೆ ವೈಫೈ ಬಂದಿತ್ತು, ಖುಷಿಯಾಗಿ ಮನೆಗೆ ಹೋಗಿದ್ದೆ.

ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ರೂಟರ್ ಅಂದರೆ ಬಸ್ಸಿನ ಕಂಡಕ್ಟರ್ ಇದ್ದ ಹಾಗೆ, ಹತ್ತಿದ ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸದ ಟಿಕೆಟ್ ಹರಿದು ಕೊಡುತ್ತದೆ. ಇದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಒಂದೇ ಬಸ್ಸಿಗೆ ಇಬ್ಬರು ಕಂಡಕ್ಟರ್ ಆದರೆ ಯಾರು ಮೊದಲು ಕೈ ಚಾಚುತ್ತಾರೋ ಅವರದೇ ಟಿಕೆಟ್. ಹಿಂದಿನ ಸಂಜೆ ನನ್ನ ಫೋನಿಗೆ ಸರಿಯಾದವನ ಟಿಕೆಟ್ ಸಿಕ್ಕಿತ್ತು, ಬೆಳಿಗ್ಗೆ ಕಂಪ್ಯೂಟರಿಗೆ ಹಳೇ ರೂಟರಿನದ್ದು. ಅದಕ್ಕೆ ಇಂಟರ್ನೆಟ್ಟಿನ ದಾರಿಯೇ ಗೊತ್ತಿಲ್ಲ. ಪಕ್ಕದ ಕಂಪ್ಯೂಟರ್ ಆಫ್ ಆಗದ್ದರಿಂದ ಅದರ ಹಳೇ ಟಿಕೆಟ್ಟೇ ನಡೆಯುತ್ತಿತ್ತು, ಸಾರ್ ಕಂಪ್ಯೂಟರಿಗೆ ವಿಳಾಸ ಕೈಯಲ್ಲೇ ಬರೆದು ಕೂರಿಸಿದ್ದರು. ಗೇಟ್‌ವೇ ಬದಲು 169.254 ಎಂದು ಶುರುವಾಗುವ ವಿಳಾಸ ಮಾತ್ರ ಕಂಡಿದ್ದರೆ ಯಾರೂ ಟಿಕೆಟ್ಟೇ ಕೊಟ್ಟಿಲ್ಲ ಎಂದರ್ಥ, ಆಗ ಕೇಬಲ್ಲೋ ಸ್ವಿಚ್ಚೋ ನೋಡಬೇಕಂತೆ.

ಹಳೇ ರೂಟರಿನಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಬೇರೆ ಯಾರೂ ಬಳಸದ 192.168.1.250 ಎಂಬ ವಿಳಾಸ ಕೊಟ್ಟು ಅಲ್ಲೇ ಇಟ್ಟ. ಈಗ ನನ್ನ ಮೂಲೆಗೆ ವೈಫೈ ಬರುತ್ತದೆ. ಹತ್ತು ನಿಮಿಷದ ಕೆಲಸಕ್ಕೆ 300 ರೂಪಾಯಿ ತೆಗೆದುಕೊಂಡ. ರಿಟರ್ನ್‌ಗಳನ್ನು ರಾತ್ರಿ ಒಂಬತ್ತರೊಳಗೆ ಹಾಕಿ ಮುಗಿಸಿದೆ.

ಹಣಕ್ಕಿಂತ ಕಷ್ಟವಾದದ್ದು ಸಾರ್‌ಗೆ ಹೇಳುವುದು. ಅಷ್ಟು ಹೊತ್ತು ಆ ಮನುಷ್ಯನ ಕೈಯಲ್ಲಿದ್ದ ಕಂಪ್ಯೂಟರಿನಲ್ಲಿ ಎಲ್ಲಾ ಪಾರ್ಟಿಗಳ ಪೋರ್ಟಲ್ ಪಾಸ್‌ವರ್ಡ್ ಬರೆದಿಟ್ಟ ಎಕ್ಸೆಲ್ ಫೈಲ್ ಡೆಸ್ಕ್‌ಟಾಪ್ ಮೇಲೇ ಇತ್ತು. ಮದುವೆ ಮನೆಯ ಗದ್ದಲದ ನಡುವೆ ಎಲ್ಲಾ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡಿನ ವಿಷಯ ಬಿಡಪ್ಪ, ಒಂದೂ ಬಿಡದಂಗೆ ಎಲ್ಲಾ ಪಾಸ್‌ವರ್ಡ್ ಬದ್ಲಾಯ್ಸು" ಎಂದರು. ನನ್ನ ಕಂಪ್ಯೂಟರನ್ನು ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿದೆವು. ಪಾಸ್‌ವರ್ಡ್ ಬದಲಿಸಲು ಬೇರೆ ಕಂಪ್ಯೂಟರಿನಲ್ಲಿ ಕೂತು ಎರಡು ದಿನ ಹಿಡಿಯಿತು.

ಕೆಲವರದ್ದು ಹಳೇ ಪಾಸ್‌ವರ್ಡೇ ತೆಗೆದುಕೊಳ್ಳಲಿಲ್ಲ. ಹೊಸದು ಮಾಡಲು ಅವರ ಮೊಬೈಲಿಗೆ ಬರುವ ಓಟಿಪಿ ಬೇಕು. ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುತ್ತಾ ಹೋದೆ. ರೈಸ್ ಮಿಲ್ಲಿನ ಯಜಮಾನರು ಮಾತ್ರ ಜಪ್ಪಯ್ಯ ಅಂದರೂ ಹೇಳಲಿಲ್ಲ. "ಯಾರಿಗೂ ಹೇಳಬೇಡ್ರಿ ಅಂತ ನೀವೇ ಹೇಳಿದ್ದಲ್ರೀ? ನೀವು ನೀವೇ ಅಂತ ನನಗೇನು ಗ್ಯಾರಂಟಿ?" ಎಂದು ಫೋನ್ ಇಟ್ಟರು. ಸಂಜೆ ಮೊಬೈಲ್ ಹಿಡಿದು ತಾವೇ ಆಫೀಸಿನ ಮೆಟ್ಟಿಲು ಹತ್ತಿ ಬಂದು, ನನ್ನ ಮುಖ ಸರಿಯಾಗಿ ನೋಡಿದ ಮೇಲೆ, ಆರು ಅಂಕಿ ಓದಿದರು.