ಮೂರು ಮಳೆಗಾಲ ಕಂಡ ನನ್ನ ಪುಟ್ಟ ಜೀಪು

ನಮ್ಮ ಮನೆ ಉಡುಪಿಯಲ್ಲಿ, ಮಲ್ಪೆ ರಸ್ತೆಯ ಬದಿ. ಬಾಗಿಲಿನ ಚಿಲಕಕ್ಕೆ ಬೇಸಿಗೆಯಲ್ಲೂ ತುಕ್ಕು ಹಿಡಿಯುವ ಜಾಗ. ಹಾಗಾಗಿ ಈ ವಿಮರ್ಶೆಯಲ್ಲಿ ವೇಗ, ಲುಕ್ಕು ಅಂತ ಜಾಸ್ತಿ ಮಾತಿಲ್ಲ. ತುಕ್ಕಿನ ಮಾತೇ ಜಾಸ್ತಿ ಉಂಟು.

2022ರ ನವೆಂಬರಿನಲ್ಲಿ 1/10 ಅಳತೆಯ ಒಂದು ಆರ್‌ಸಿ (ರಿಮೋಟಿನಲ್ಲಿ ಓಡುವ) ಜೀಪ್ ಕಿಟ್ ತರಿಸಿದೆ. ಕಂಪನಿಯ ಹೆಸರು ಹಾಕುವುದಿಲ್ಲ. ಇದೇ ಬಗೆಯ ಕಿಟ್ಟು ನಾಲ್ಕಾರು ಕಡೆಯಿಂದ ಬರುತ್ತದೆ, ನನ್ನ ತಕರಾರು ಅವೆಲ್ಲಕ್ಕೂ ಹೆಚ್ಚುಕಮ್ಮಿ ಒಪ್ಪುತ್ತದೆ. ಕಿಟ್ಟಿಗೆ 17,000 ಕೊಟ್ಟೆ. ಡಬ್ಬಿಯಲ್ಲಿ ಇದ್ದದ್ದು ಚಾಸಿ, ಗೇರು, ಚಕ್ರ, ಬಣ್ಣ ಹಚ್ಚದ ಬಾಡಿ, ಅಷ್ಟೇ. ಮೋಟಾರು, ಇಎಸ್‌ಸಿ (ಮೋಟಾರಿನ ವೇಗ ಹಿಡಿತದಲ್ಲಿಡುವ ಸರ್ಕೀಟು), ಸರ್ವೋ (ಸ್ಟಿಯರಿಂಗ್ ತಿರುಗಿಸುವ ಪುಟ್ಟ ಮೋಟಾರು), ರಿಮೋಟು, ಬ್ಯಾಟರಿ, ಚಾರ್ಜರು ಎಲ್ಲ ಸೇರಿ ಇನ್ನೊಂದು 14,000. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ.

ಕಟ್ಟಲು 11 ಸಂಜೆ ಹಿಡಿಯಿತು. ಸುಲಭದ ಕೆಲಸವೇ, ಆದರೆ ಅವಸರ ಮಾಡಿದರೆ ಕೆಡುತ್ತದೆ. ಮೋಟಾರಿನ ಸಣ್ಣ ಗೇರಿಗೂ (ಪಿನಿಯನ್) ದೊಡ್ಡ ಗೇರಿಗೂ ನಡುವೆ ಕೂದಲೆಳೆಯಷ್ಟು ಸಂದು ಬೇಕು. ಹಲ್ಲುಗಳ ಮಧ್ಯೆ ಅಂಗಡಿ ಬಿಲ್ಲಿನ ತೆಳ್ಳನೆ ಕಾಗದ ಇಟ್ಟು, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಆಮೇಲೆ ಕಾಗದ ಎಳೆಯಬೇಕು. ಕಾಗದ ಹರಿಯದೆ ಸುಕ್ಕುಸುಕ್ಕಾಗಿ ಹೊರಗೆ ಬಂದರೆ ಸರಿಯಾಗಿದೆ ಅಂತ. ನೀಲಿ ಥ್ರೆಡ್‌ಲಾಕ್, ಅಂದರೆ ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು, ಲೋಹಕ್ಕೆ ಲೋಹ ಕೂಡುವಲ್ಲಿ ಮಾತ್ರ. ಪ್ಲಾಸ್ಟಿಕ್ಕಿಗೆ ತಾಗಿದರೆ ಕೆಲವು ಸಲ ಬಿರುಕು ಬಿಡುತ್ತದೆ.

ನಾನು ಮಾಡಿದ ದಡ್ಡತನ ಬೇರೆ. ಸರ್ವೋವನ್ನು ರಿಮೋಟಿಗೆ ಕೊಟ್ಟು ನಡುಮಧ್ಯಕ್ಕೆ ತರದೆ ಹಾಗೇ ಅದರ ಹಾರ್ನ್ (ಸ್ಟಿಯರಿಂಗ್ ಎಳೆಯುವ ಪುಟ್ಟ ತೋಳು) ಕೂರಿಸಿಬಿಟ್ಟೆ. ಜೀಪು ಎಡಕ್ಕೆ ಚೆನ್ನಾಗಿ ತಿರುಗುತ್ತಿತ್ತು, ಬಲಕ್ಕೆ ಮಾತ್ರ ಒಲ್ಲೆ ಅನ್ನುತ್ತಿತ್ತು. ಮತ್ತೆ ಮುಂಭಾಗ ಪೂರ್ತಿ ಬಿಚ್ಚಬೇಕಾಯಿತು. ಒಂದು ಇ-ಕ್ಲಿಪ್, ಅಂದರೆ ಇಂಗ್ಲಿಷಿನ E ಆಕಾರದ ಪುಟ್ಟ ಉಕ್ಕಿನ ಕ್ಲಿಪ್ಪು, ಟಣ್ ಅಂತ ಹಾರಿ ಕಾಣೆಯಾಯಿತು. ಟಾರ್ಚ್ ಹಿಡಿದು, ಮಂಡಿಯೂರಿ, ಇಡೀ ಚಾವಡಿ ಗುಡಿಸಿದ್ದಾಯಿತು. ಮಾರನೇ ದಿನ ನೋಡಿದರೆ ಮೋಟಾರಿನ ಬೆನ್ನಿಗೆ ಅಂಟಿಕೊಂಡು ಕೂತಿತ್ತು. ಒಳಗೆ ಅಯಸ್ಕಾಂತ ಇದೆ ಅಲ್ವಾ!

ಮೊದಲ ಎರಡು ತಿಂಗಳು ಯಾವ ತೊಂದರೆಯೂ ಇಲ್ಲ. ಮುರಕಲ್ಲಿನ ಮೆಟ್ಟಿಲು, ತೆಂಗಿನ ಬುಡ, ತೋಟದ ಬದು, ಎಲ್ಲ ಹತ್ತಿತು. ನಡೆಯುವ ವೇಗದಲ್ಲೇ ಹೋಗುವ ಗಾಡಿ ಇದು, ಓಡಿಸುವ ಗಾಡಿಯಲ್ಲ. ಆಮೇಲೆ ಒಂದು ಭಾನುವಾರ ಮಲ್ಪೆ ಬೀಚಿಗೆ ಕೊಂಡುಹೋದೆ. ಇಪ್ಪತ್ತೇ ನಿಮಿಷ. ಒದ್ದೆ ಮರಳಿನ ಮೇಲೆ ಚಕ್ರದ ಗುರುತು ಬಿಡುತ್ತಾ ಹೋಗುವುದು ನೋಡಲು ಏನು ಚೆಂದ! ಮನೆಗೆ ಬಂದು ನಳ್ಳಿ ನೀರಿನಲ್ಲಿ ತೊಳೆದು ಒರೆಸಿಟ್ಟೆ. ಹದಿನೈದು ದಿನ ಕಳೆದು ನೋಡಿದರೆ ಹಿಂದಿನ ಚಕ್ರ ಕರಕರ ಅನ್ನುತ್ತಿದೆ. ಬೇರಿಂಗ್ ತೆಗೆದು ಬೆರಳಲ್ಲಿ ತಿರುಗಿಸಿದರೆ ಕಂದು ಪುಡಿ ಉದುರಿತು. ಕಪ್ಪು ಸ್ಕ್ರೂಗಳ ತಲೆ ಕೆಂಪಾಗಿತ್ತು. ಎರಡರ ತಲೆಯ ಷಟ್ಕೋನದ ತೂತು ಸವೆದುಹೋಗಿ, ಡ್ರಿಲ್ ಹಾಕಿ ತೆಗೆಸಬೇಕಾಯಿತು.

ಡ್ರಿಲ್ ಮಾಡಿಕೊಟ್ಟವರು ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವರು. ಜೀಪನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಗ್ರೀಸ್ ಹಾಕದೆ ಕಡಲಿಗೆ ಎಂತಕ್ಕೆ ಹೋದದ್ದು ಮಾರಾಯ್ರೆ?" ಅಂತ ಕೇಳಿದರು. ಉತ್ತರ ಇರಲಿಲ್ಲ. ಆವತ್ತಿನಿಂದ ಹೊರಗಿನ ಎಂ3 (3 ಮಿಲಿಮೀಟರ್ ದಪ್ಪದ) ಸ್ಕ್ರೂ ಎಲ್ಲ ಸ್ಟೇನ್‌ಲೆಸ್. ಸ್ವಲ್ಪ ಮೆದು, ಬಿಗಿ ಮಾಡುವಾಗ ಕೈ ಹಗುರ ಇರಬೇಕು. ಬೇರಿಂಗ್ ರಬ್ಬರ್ ಸೀಲ್ ಇರುವಂಥದ್ದು, 5x11x4 ಮಿಲಿಮೀಟರ್ ಅಳತೆ, ಕೂರಿಸುವ ಮೊದಲು ಸುತ್ತಲೂ ಗ್ರೀಸ್. ಬೀಚು ಬಂದ್.

ಇದೇ ಕಾರಣಕ್ಕೆ ಹೇಳುವುದು, ನಮ್ಮ ಕರಾವಳಿಯವರು ರೆಡಿ ಗಾಡಿ ತಗೊಳ್ಳುವುದಕ್ಕಿಂತ ಕಿಟ್ಟೇ ತಗೊಳ್ಳುವುದು ಒಳ್ಳೆಯದು. ವರ್ಷಕ್ಕೊಮ್ಮೆಯಾದರೂ ಇದನ್ನು ಬಿಚ್ಚಲೇಬೇಕು. ಒಂದೊಂದು ಸ್ಕ್ರೂ ನಾವೇ ಹಾಕಿದ್ದಾದರೆ ಬಿಚ್ಚಲು ಹೆದರಿಕೆ ಇರುವುದಿಲ್ಲ. ನನ್ನ ಗೆಳೆಯ ರೆಡಿ ಗಾಡಿ ತಂದವನು. ಅದು ಈಗ ಅವನ ಶೋಕೇಸಿನಲ್ಲಿ, ಮುಂದಿನ ಚಕ್ರ ಜಾಮ್ ಆಗಿ ಕೂತಿದೆ.

ಬಣ್ಣದ ಕಥೆಯೂ ಹವೆಯದ್ದೇ. ಪಾರದರ್ಶಕ ಪಾಲಿಕಾರ್ಬೊನೇಟ್ ಬಾಡಿಯಾದರೆ ಒಳಗಿನಿಂದ ಬಣ್ಣ ಹೊಡೆಯಬೇಕು. ಅದಕ್ಕೆ ತಮಿಯಾ ಕಂಪನಿಯ ಪಿಎಸ್ ಸರಣಿಯಂಥ ಬೇರೆಯೇ ಸ್ಪ್ರೇ ಉಂಟು. ನನ್ನದು ಗಟ್ಟಿ ಎಬಿಎಸ್ ಪ್ಲಾಸ್ಟಿಕ್ಕಿನ ಬಾಡಿ, ಹೊರಗಿನಿಂದಲೇ ಪ್ರೈಮರ್, ಮೇಲೆ ಬಣ್ಣ. ತಾಳ್ಮೆ ಇಲ್ಲದೆ ಆಟಿ ತಿಂಗಳ ಮಳೆಯಲ್ಲೇ ಹೊಡೆದೆ. ಒಣಗುವಾಗ ಹಸಿರಿನ ಮೇಲೆ ಬೂದಿ ಬಳಿದ ಹಾಗೆ ಬಿಳಿ ಮಬ್ಬು ಕೂತಿತು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಬಂದು ಅಲ್ಲೇ ಕೂರುತ್ತದೆ. ಬೇಗ ಒಣಗಲಿ ಅಂತ ಬಚ್ಚಲಿನ ಹಂಡೆ ಒಲೆಯ ಪಕ್ಕ ಇಟ್ಟೆ. ಬಾನೆಟ್ಟು ಕೆಂಡದ ಮೇಲಿಟ್ಟ ಹಲಸಿನ ಹಪ್ಪಳದ ಹಾಗೆ ಸೊಟ್ಟಗಾಯಿತು. ಹೊಸ ಬಾನೆಟ್ಟಿಗೆ 900 ರೂಪಾಯಿ. ಮಾರಿದ ಆನ್‌ಲೈನ್ ಅಂಗಡಿಯವರು ಅದನ್ನು ಕಳಿಸಲು ಎರಡು ತಿಂಗಳು ತಗೊಂಡರು, ಫೋನು ಎತ್ತಲೇ ಇಲ್ಲ. ಸರ್ವಿಸಿಗೆ ನಾನು ಅಂಕ ಕೊಡುವುದಿಲ್ಲ. ಬಣ್ಣವನ್ನು ಡಿಸೆಂಬರಿನ ಒಣ ಮಧ್ಯಾಹ್ನ ಮತ್ತೆ ಹೊಡೆದೆ. ಕನ್ನಡಿಯ ಹಾಗೆ ಬಂತು.

ಬ್ಯಾಟರಿ 2ಎಸ್ ಲಿಪೊ, ಅಂದರೆ ಎರಡು ಸೆಲ್ಲಿನ ಲಿಥಿಯಂ ಪಾಲಿಮರ್. ಫುಲ್ ಚಾರ್ಜ್ ಮಾಡಿ ಮಳೆಗಾಲವಿಡೀ ಇಟ್ಟದ್ದಕ್ಕೆ ಮೊದಲಿನದು ಉಬ್ಬಿಹೋಯಿತು. ತಪ್ಪು ನನ್ನದೇ. ಈಗ ಸೆಲ್ಲಿಗೆ 3.8 ವೋಲ್ಟಿಗೆ ಇಳಿಸಿ, ಮಣ್ಣಿನ ಮಡಕೆಯಲ್ಲಿಟ್ಟು ಸಡಿಲ ಮುಚ್ಚಳ ಹಾಕುತ್ತೇನೆ.

ಇನ್ನು ನನಗೆ ಇಷ್ಟದ ಭಾಗ, ಶೃಂಗಾರ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನ ಹೊತ್ತು ಹತ್ತುವ ಜೀಪಿನ ಹಾಗೆ ಇದನ್ನು ಮಾಡಬೇಕು ಅಂತ ಮೊದಲಿನಿಂದಲೂ ಇತ್ತು. ಮೊದಲು ಕಣ್ಣಿಗೆ ಕುಟುಕಿದ್ದು ಚಕ್ರ. ಕಿಟ್ಟಿನ ಟಯರು 108 ಮಿಲಿಮೀಟರ್ ಎತ್ತರ, ಅಂದರೆ ನಿಜದ ಗಾಡಿಯಲ್ಲಿ 108 ಸೆಂಟಿಮೀಟರ್. ಪಕ್ಕದ ಮನೆಯ ಹಳೇ ಜೀಪಿಗೆ ಟೇಪು ಹಿಡಿದೆ, 73 ಬಂತು. ಟ್ರ್ಯಾಕ್ಟರ್ ಚಕ್ರ ಹಾಕಿದ ಹಾಗೆ ಕಾಣುತ್ತಿದ್ದದ್ದು ಅದಕ್ಕೇ. ಸಣ್ಣ ಟಯರು ಹಾಕಿದ ಮೇಲೆ ಕಲ್ಲು ಹತ್ತುವುದು ಸ್ವಲ್ಪ ಕಮ್ಮಿಯಾಯಿತು, ಆದರೆ ಜೀಪು ಜೀಪಿನಂತೆ ಕಂಡಿತು.

ಮೇಲಿನ ಕ್ಯಾರಿಯರ್ ಮುರಿದ ಕೊಡೆಯ ಕಡ್ಡಿಯದ್ದು, ಬೆಸುಗೆ ನಾನೇ ಹಾಕಿದೆ. ಹುಡ್ಡಿಗೂ ಅದೇ ಕೊಡೆಯ ಬಟ್ಟೆ. ಸಾಮಾನು ಕಟ್ಟುವ ಹಗ್ಗ ತೆಂಗಿನ ನಾರು ಹೊಸೆದದ್ದು. ಅಂಗಡಿಯ ನೈಲಾನ್ ದಾರಕ್ಕಿಂತ ಇದೇ ಅಳತೆಗೆ ಸರಿ ಕೂರುತ್ತದೆ. ಕೆಳಭಾಗದ ಕೆಂಪು ಧೂಳಿಗೆ ಮುರಕಲ್ಲನ್ನು ಕುಟ್ಟಿ, ಹಳೇ ಪಂಚೆಯಲ್ಲಿ ಸೋಸಿ, ಮ್ಯಾಟ್ ವಾರ್ನಿಶ್ ಹಸಿ ಇರುವಾಗ ಬ್ರಷ್ಷಿನಿಂದ ಉದುರಿಸಿದೆ. ಯಾವ ಡಬ್ಬಿ ಬಣ್ಣವೂ ಆ ಕೆಂಪು ಕೊಡುವುದಿಲ್ಲ. ನಂಬರ್ ಪ್ಲೇಟು ಕೆಎ 20. ಡ್ರೈವರ್ ಗೊಂಬೆಯ ತಲೆಗೆ ಅಡಿಕೆ ಹಾಳೆಯ ಚೂರಿನಲ್ಲಿ ಮಾಡಿದ ಮುಟ್ಟಾಳೆ.

ಕಳೆದ ಜನವರಿಯಲ್ಲಿ ಅದನ್ನು ಕೊಲ್ಲೂರಿಗೆ ಕೊಂಡುಹೋಗಿ ಜೀಪು ನಿಲ್ಲುವ ಜಾಗದಲ್ಲಿ ಓಡಿಸಿದೆ. ನಾಲ್ಕೈದು ಡ್ರೈವರುಗಳು ಸುತ್ತ ಸೇರಿದರು. ಒಬ್ಬರು ಕುಕ್ಕರಗಾಲಲ್ಲಿ ಕೂತು, ಹುಡ್ಡು ಎತ್ತಿ ಒಳಗೆ ಇಣುಕಿದರು. ಭೇಷ್ ಅನ್ನಬಹುದು ಅಂತ ಕಾಯುತ್ತಿದ್ದೆ.

"ಎಲ್ಲ ಸರಿ ಉಂಟು. ಆದರೆ ಇಷ್ಟು ಖಾಲಿ ಜೀಪು ನಾವು ಮೇಲೆ ಬಿಡುವುದಿಲ್ಲ ಮಾರಾಯ್ರೆ."

ಎಂಟು ಪ್ಯಾಸೆಂಜರ್ ಮಾಡಲು ಹೊರಟಿದ್ದೇನೆ. ಮೂವರು ಆಗಿದ್ದಾರೆ. ನಾಲ್ಕನೆಯವರಿಗೆ ಸೀರೆ ಉಡಿಸುವುದು ಗೊತ್ತಾಗದೆ ಮೊನ್ನೆಯಿಂದ ಮೇಜಿನ ಮೇಲೇ ಇದ್ದಾರೆ.